ಹಣ್ಣು ಅವಳದು, ಖಾತೆ ಯಾರದು?



ಕಲಬುರಗಿಯಿಂದ ಹುಮನಾಬಾದಿನ ಕಡೆ ಹೋಗುವಾಗ ಕಮಲಾಪುರ ಬಂತೆಂದರೆ ಕೆಂಪು ಬಾಳೆಹಣ್ಣು ಕೊಳ್ಳದೆ ಮುಂದೆ ಹೋಗಲು ಮನಸ್ಸೇ ಬಾರದು. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಹಣ್ಣಲ್ಲವೇ! ಮೊನ್ನೆ ನಾನೂ ಅಲ್ಲಿ ಒಂದು ಬುಟ್ಟಿಯ ಮುಂದೆ ಕುಳಿತು ಅರ್ಧ ಡಜನ್ ಆರಿಸಿದೆ. ಚಿಲ್ಲರೆ ಇರಲಿಲ್ಲ. ಬುಟ್ಟಿಗೆ ಒರಗಿಸಿದ್ದ ಕ್ಯೂಆರ್ ಕೋಡಿಗೆ ಫೋನು ಹಿಡಿದೆ. ಗಂಡಸಿನ ಹೆಸರು ಬಂತು.

“ಇದು ಯಾರ ಹೆಸರವ್ವಾ?” ಅಂದೆ.

“ನನ್ನ ಮಗಂದ್ರೀ ಯಕ್ಕಾ. ರೊಕ್ಕ ಎಲ್ಲಾ ಅವನ ಖಾತಾಕ್ಕ ಬೀಳ್ತಾವ. ಸಂಜೀಕ ಕೇಳಿದ್ರ ನಾಳಿ ಕೊಡ್ತೀನಿ ಅಂತಾನ. ಮೊದಲ ಸೆರಗಿನ ಗಂಟಿನಾಗರ ಇರ್ತಿದ್ವು.”

ಆ ಮಾತು ಮನೆತನಕ ನನ್ನ ಬೆನ್ನು ಹತ್ತಿ ಬಂತು.

2016ರ ನವೆಂಬರ್ 8ರಂದು 500, 1000 ರೂಪಾಯಿಯ ನೋಟು ರದ್ದಾದದ್ದು ನಿಮಗೆ ನೆನಪಿರಬೇಕು. ಯುಪಿಐ ಬಂದದ್ದೂ ಅದೇ ವರ್ಷ. ಈಗ ಕಲಬುರಗಿಯ ಕಣ್ಣಿ ಮಾರ್ಕೆಟ್ಟಿಗೆ ಕಾಯಿಪಲ್ಲೆ ತರಲು ಹೋದರೂ ಕೈಯಲ್ಲಿ ಫೋನಿದ್ದರೆ ಸಾಕು. ಕಾರ್ಡು ತಿಕ್ಕುವ ಯಂತ್ರ ಇಡಬೇಕೆಂದರೆ ಖರ್ಚುಂಟು. ಕ್ಯೂಆರ್ ಹಾಳೆಗೆ ಅದಿಲ್ಲ. ಗಿರಾಕಿ ತನ್ನ ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದರೆ ವ್ಯಾಪಾರಿಯಿಂದ ಕಮಿಷನ್ ಹಿಡಿಯಬಾರದೆಂಬ ನಿಯಮ 2020ರ ಜನವರಿಯಿಂದಲೇ ಇದೆ.

ಎಲ್ಲ ಸರಿ. ಆದರೆ ಸೆರಗಿನ ಗಂಟಿಗೆ ಒಡತಿ ಅವಳೇ ಆಗಿದ್ದಳು. ಖಾತೆಗೆ ಒಡೆಯ ಬೇರೆಯವನು!

ಇದಕ್ಕೆ ಉಪಾಯ ಕಷ್ಟದ್ದೇನಲ್ಲ. ತನ್ನ ಹೆಸರಿನ ಉಳಿತಾಯ ಖಾತೆ ಬೇಕು. 2014ರಲ್ಲಿ ಶುರುವಾದ ಜನಧನ ಖಾತೆಯಾದರೂ ಆದೀತು. ಅದಕ್ಕೆ ತನ್ನ ಕೈಯಲ್ಲಿರುವ ಫೋನಿನ ನಂಬರನ್ನೇ ಜೋಡಿಸಬೇಕು. ಆಮೇಲೆ ಆ ಖಾತೆಗೇ ಕ್ಯೂಆರ್ ಕೋಡ್ ಕೊಡಿರೆಂದು ಬ್ಯಾಂಕಿನಲ್ಲಿ ಕೇಳಬೇಕು. ದುಡ್ಡು ಬಂತೆಂದು ಕೂಗಿ ಹೇಳುವ ಪೆಟ್ಟಿಗೆ ಬೇಕಿದ್ದರೆ ತಿಂಗಳ ಬಾಡಿಗೆ ಎಷ್ಟೆಂದು ಮೊದಲೇ ವಿಚಾರಿಸಿ. ಗುಂಡಿ ಒತ್ತುವ ಸಾದಾ ಫೋನಿನವರಿಗೂ ‘ಯುಪಿಐ 123ಪೇ’ ಎಂಬ ವ್ಯವಸ್ಥೆ 2022ರಿಂದ ಇದೆ.

ಒಂದು ಮಾತು ಮಾತ್ರ ಮರೆಯಬೇಡಿ. ದುಡ್ಡು ಪಡೆಯಲು ಪಿನ್ ಒತ್ತಬೇಕಾಗಿಲ್ಲ. ‘ಪಿನ್ ಒತ್ತಿ, ದುಡ್ಡು ಬರ್ತದ’ ಎನ್ನುವವ ಕಳ್ಳನೇ. ಮೋಸ ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಿ.

ತೆರಿಗೆಯ ಭಯವೂ ಕೆಲವರಿಗಿದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಬಂದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕೋಡು ತೆಗೆದು ‘ನಗದು ಮಾತ್ರ’ ಎಂದು ಬರೆದಿದ್ದರು. ಆದರೆ ತಾಜಾ ಹಣ್ಣು, ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಬುಟ್ಟಿ ಹೊತ್ತು ಮಾರುವವಳು ಹೆದರಬೇಕಾಗಿಲ್ಲ.

ಬದಲಿಗೆ ಲಾಭವೇ ಉಂಟು. ನಗರದ ಬೀದಿ ವ್ಯಾಪಾರಿಗಳಿಗೆ ಅಡವಿಲ್ಲದೆ ಸಾಲ ಕೊಡುವ ಪಿಎಂ ಸ್ವನಿಧಿ ಯೋಜನೆ 2020ರಲ್ಲಿ ಬಂತು. ಮೊದಲ ಸಾಲ 10 ಸಾವಿರ ಇದ್ದದ್ದು 2025ರಲ್ಲಿ 15 ಸಾವಿರ ಆಯಿತು. ಫೋನಿನಲ್ಲಿ ವ್ಯವಹಾರ ಮಾಡಿದವರಿಗೆ ಒಂದಿಷ್ಟು ಹಣ ಮರಳಿಯೂ ಬರುತ್ತದೆ. ವ್ಯಾಪಾರದ ಲೆಕ್ಕ ಮಗನ ಖಾತೆಯಲ್ಲಿದ್ದರೆ ತಾಯಿಯ ದುಡಿಮೆಗೆ ಬ್ಯಾಂಕಿನಲ್ಲಿ ಸಾಕ್ಷಿ ಎಲ್ಲಿಂದ ಬರಬೇಕು?

ಇಷ್ಟೆಲ್ಲ ಆಕೆಗೆ ಹೇಳಬೇಕೆಂದುಕೊಂಡು ಮನೆಗೆ ಬಂದೆ. ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದ ನನ್ನದೇ ಕೋಡು ಕಣ್ಣಿಗೆ ಬಿತ್ತು. ನಾನು ಶೇಂಗಾ ಹಿಂಡಿ, ಖಟಿ ರೊಟ್ಟಿ ಮಾಡಿ ಮಾರಿದ ದುಡ್ಡು ಮೂರು ವರ್ಷದಿಂದ ನಮ್ಮ ಮನೆಯವರ ಖಾತೆಗೇ ಬೀಳುತ್ತಿದೆ! ಅವರು ಕೇಳಿದಾಗ ಇಲ್ಲವೆಂದವರಲ್ಲ, ನಿಜ. ಆದರೆ ಕೇಳಬೇಕಲ್ಲ?

ಮರುದಿನ ಬೆಳಿಗ್ಗೆ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋದೆ. ಹೊಸ ಕೋಡು ಬಂದ ಮೇಲೆ ಕಮಲಾಪುರಕ್ಕೂ ಹೋಗಿ ಬರುವವಳಿದ್ದೇನೆ.

ನಿಮ್ಮ ಮನೆಯ ಕೋಡು ಯಾರ ಹೆಸರಿನಲ್ಲಿದೆ? ಇವತ್ತೇ ಒಮ್ಮೆ ನೋಡಿ.