ಗಣಿಯ ಗಡಿ ಊರವರ ಕಣ್ಣಿಗೂ ಕಾಣಲಿ

ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಮಾನ್ಯ ನಿರ್ದೇಶಕರಿಗೆ,

ಅಕ್ರಮ ಗಣಿಗಾರಿಕೆಯ ಮಾತು ಬಂದಾಗಲೆಲ್ಲ ಚರ್ಚೆ ಲಾರಿ, ಪರ್ಮಿಟ್, ಬಂದರು, ರಾಜಕಾರಣಗಳ ಸುತ್ತ ಸುತ್ತುತ್ತದೆ. ಆದರೆ 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಅದಿರು ತೆಗೆಯುವುದನ್ನು ನಿಲ್ಲಿಸಿದಾಗ, ತಪ್ಪು–ಒಪ್ಪು ತೀರ್ಮಾನವಾದದ್ದು ಮುಖ್ಯವಾಗಿ ಗಡಿಯ ಅಳತೆಯಿಂದ. ಜಂಟಿ ಸಮೀಕ್ಷೆಯ ನಂತರ 166 ಗುತ್ತಿಗೆಗಳನ್ನು ಮೂರು ವರ್ಗ ಮಾಡಲಾಯಿತು. ಗಡಿಯಾಚೆ ತೋಡಿದ ಕುಳಿ ಗುತ್ತಿಗೆ ವಿಸ್ತೀರ್ಣದ ಶೇ 10ನ್ನೋ, ಗಡಿಯಾಚೆ ಸುರಿದ ತ್ಯಾಜ್ಯ ಮಣ್ಣು ಶೇ 15ನ್ನೋ ಮೀರಿದ್ದರೆ ಅದು ‘ಸಿ’ ವರ್ಗ. 2013ರ ಏಪ್ರಿಲ್ 18ರ ತೀರ್ಪು ಆ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಈ ಮಿತಿಯೊಳಗೆ ಗಡಿ ದಾಟಿದ ‘ಬಿ’ ವರ್ಗದವರಿಗೆ ಅಕ್ರಮ ಕುಳಿಗೆ ಹೆಕ್ಟೇರಿಗೆ 5 ಕೋಟಿ, ಮಣ್ಣು ಸುರಿದ ಜಾಗಕ್ಕೆ ಹೆಕ್ಟೇರಿಗೆ 1 ಕೋಟಿ ರೂಪಾಯಿ ಪರಿಹಾರ ವಿಧಿಸಲಾಯಿತು. ಆಂಧ್ರದ ಅಂಚಿನ 7 ಗುತ್ತಿಗೆಗಳ ವಿಷಯವಂತೂ ಅಂತರರಾಜ್ಯ ಗಡಿಯೇ ಇತ್ಯರ್ಥವಾಗದೆ ನಿಂತಿತು. ಗುಡ್ಡ ಕರಗಿದ ಮೇಲೆ ನಡೆದ ಈ ಅಳತೆ ದಂಡ ವಿಧಿಸಲು ನೆರವಾಯಿತೇ ಹೊರತು, ಗುಡ್ಡವನ್ನು ಉಳಿಸಲಿಲ್ಲ.

ಗಡಿ ಮೊದಲೇ ಕಾಣುವಂತಿರಬೇಕು ಎಂಬ ಕಾನೂನಿಗೇನೂ ಕೊರತೆಯಿಲ್ಲ. ಕೇಂದ್ರದ 2016ರ ಖನಿಜ ರಿಯಾಯತಿ ನಿಯಮಗಳ ಪ್ರಕಾರ ಗುತ್ತಿಗೆಯ ಪ್ರತಿ ಮೂಲೆಗೂ ಕಾಂಕ್ರೀಟ್ ಕಂಬವಿರಬೇಕು. ನಡುವಿನ ಕಂಬಗಳು ಒಂದರಿಂದ ಇನ್ನೊಂದು ಕಾಣುವಂತಿರಬೇಕು. ಮೈಗೆ ಹಳದಿ, ತುದಿಗೆ ಕೆಂಪು ಬಣ್ಣ, ಕ್ರಮಸಂಖ್ಯೆ, ಮೂಲೆಕಂಬದ ಮೇಲೆ ಅಕ್ಷಾಂಶ–ರೇಖಾಂಶ ಇರಬೇಕು. ಇವನ್ನು ಸದಾ ಸುಸ್ಥಿತಿಯಲ್ಲಿಡುವ ಹೊಣೆಯೂ ವೆಚ್ಚವೂ ಗುತ್ತಿಗೆದಾರರದ್ದೇ. ಗಡಿಯಿಂದ ಒಳಕ್ಕೆ 7.5 ಮೀಟರ್ ನೆಲವನ್ನು ತೋಡದೆ ಬಿಡಬೇಕೆಂಬ ಸುರಕ್ಷತಾ ನಿಯಮವೂ ಇದೆ. ಕಂಬವೇ ಇಲ್ಲದ ಕಡೆ ಆ 7.5 ಮೀಟರನ್ನು ಎಲ್ಲಿಂದ ಅಳೆಯುವುದು? ಹಿಟಾಚಿ ಚಾಲಕನಿಗಾಗಲಿ, ಅರಣ್ಯ ರಕ್ಷಕನಿಗಾಗಲಿ, ಕುರಿ ಮೇಯಿಸುವವನಿಗಾಗಲಿ ಆಗ ನೆಲದ ಮೇಲೆ ಯಾವ ಆಧಾರವೂ ಉಳಿಯುವುದಿಲ್ಲ.

ಉಪಗ್ರಹದ ಕಣ್ಗಾವಲು ಇರುವಾಗ ಕಂಬಗಳೇಕೆ ಎಂದು ಕೇಳುವವರಿದ್ದಾರೆ. ಉಪಗ್ರಹ ಚಿತ್ರ ಬೇಕು, ನಿಜ. ಆದರೆ ಅದನ್ನು ನೋಡುವುದು ಕಚೇರಿ, ಅದೂ ಅಗೆತ ನಡೆದ ಮೇಲೆ. ಬ್ಲಾಸ್ಟಿಂಗ್ ಹೊತ್ತಿನಲ್ಲಿ ಕಾಲುದಾರಿಗೆ ಬಂದವನನ್ನೂ, ನೀರು ತುಂಬಿದ ಹಳೆಯ ಕ್ವಾರಿಯ ಅಂಚಿಗೆ ಹೋದ ಮಗುವನ್ನೂ ತಡೆಯುವುದು ಕಂಬಗಳ ಜೊತೆಗಿನ ಬೇಲಿ ಮತ್ತು ಎಚ್ಚರಿಕೆ ಫಲಕ. ಸ್ಫೋಟ, ಮಣ್ಣುಕುಸಿತ, ಲಾರಿಗಳ ಓಡಾಟದಿಂದ ಕಂಬ ಬೀಳುವುದು ಸಹಜ ಎಂಬ ಮಾತೂ ಸರಿಯೇ. ನಿಯಮ ಕಂಬ ನೆಡಿ ಎಂದಷ್ಟೇ ಹೇಳದೆ ಸುಸ್ಥಿತಿಯಲ್ಲಿಡಿ ಎಂದದ್ದು ಅದಕ್ಕಾಗಿಯೇ. ಮೂಲೆಯ ಸ್ಥಾನ ದಾಖಲೆಯಲ್ಲಿರುವುದರಿಂದ ಬಿದ್ದ ಕಂಬವನ್ನು ಅದೇ ಜಾಗದಲ್ಲಿ ಮತ್ತೆ ನೆಡಬಹುದು. ಸಣ್ಣ ಕ್ವಾರಿಯವರಿಗೆ ಖರ್ಚು ಹೊರೆ ಎನ್ನುವುದಾದರೆ, ಗಡಿ ಮೀರಿದಾಗ ತೆರಬೇಕಾದ ದಂಡದ ಮುಂದೆ ಕಾಂಕ್ರೀಟ್, ಬಣ್ಣಗಳ ಖರ್ಚು ಎಷ್ಟರದು? ಪ್ರಾಮಾಣಿಕ ಗುತ್ತಿಗೆದಾರನಿಗೆ ನೆರೆಯವನ ಒತ್ತುವರಿಯಿಂದ ರಕ್ಷಣೆ ಕೊಡುವುದೂ ಇದೇ ಕಂಬ.

ಎಲ್ಲ ಗಣಿಗಳನ್ನೂ ಪದೇ ಪದೇ ತಪಾಸಣೆ ಮಾಡುವಷ್ಟು ಸಿಬ್ಬಂದಿ ಎಲ್ಲಿ ಎಂಬ ಪ್ರಶ್ನೆ ಗಟ್ಟಿಯಾದದ್ದು. ಅದಕ್ಕೆ ಉತ್ತರ ಊರವರಲ್ಲಿದೆ. ಕಂಬಗಳ ಸಂಖ್ಯೆ ಮತ್ತು ನಕ್ಷೆ ಗ್ರಾಮ ಪಂಚಾಯಿತಿಯಲ್ಲಿದ್ದರೆ, ಕಂಬ ಕಾಣೆಯಾದದ್ದನ್ನು ಯಾರು ಬೇಕಾದರೂ ಎಣಿಸಿ ಹೇಳಬಹುದು. ಆದ್ದರಿಂದ ತಮ್ಮಲ್ಲಿ ನಾಲ್ಕು ಮನವಿ: ಪ್ರತಿ ಗುತ್ತಿಗೆಯ ಗಡಿನಕ್ಷೆಯನ್ನು ಪಂಚಾಯಿತಿ ಕಚೇರಿಯಲ್ಲಿ ತೂಗುಹಾಕಿಸಿ, ಸರ್ವೆ ನಂಬರು, ವಿಸ್ತೀರ್ಣ, ಅವಧಿ, ಬ್ಲಾಸ್ಟಿಂಗ್ ಸಮಯಗಳನ್ನು ಕನ್ನಡದಲ್ಲಿ ಬರೆದ ಫಲಕವನ್ನು ಗಣಿಯ ಪ್ರವೇಶದ್ವಾರದಲ್ಲಿ ಕಡ್ಡಾಯ ಮಾಡಿ, ವರ್ಷಕ್ಕೊಮ್ಮೆ ಕಂದಾಯ, ಅರಣ್ಯ ಇಲಾಖೆಗಳೊಡನೆ, ಪಂಚಾಯಿತಿ ಸದಸ್ಯರ ಎದುರಿನಲ್ಲೇ ಕಂಬಗಳನ್ನು ಪರಿಶೀಲಿಸಿ, ಬಿದ್ದ ಕಂಬವನ್ನು ಗಡುವಿನೊಳಗೆ ನೆಡದಿದ್ದರೆ ಸಾಗಣೆ ಪರ್ಮಿಟ್ ತಡೆಹಿಡಿಯಿರಿ. ಇದಕ್ಕೆ ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ. ಇರುವ ನಿಯಮವನ್ನು ನೆಲದ ಮೇಲೆ ತರುವ ಆದೇಶವೊಂದನ್ನು ದಯವಿಟ್ಟು ಹೊರಡಿಸಿ.

ಇತಿ,
ಗಣಿಗಳ ನಾಡಿನ ಹಿತ ಬಯಸುವ ನಾಗರಿಕ