ಸೊನ್ನೆ ಬಿಲ್ಲು ಬಂದ ಮನೆಗೆ ಲೆಕ್ಕ ಬೇಡವೇ?

‘ಅಲ್ರೀ, ಹೋದ ತಿಂಗಳು ಸೊನ್ನೆ ಇತ್ತು. ಈ ತಿಂಗಳು ಸಾವಿರದ ಆರ್ನೂರು ಹೆಂಗ್ರೀ ಬಂತು?’

ಬೇಸಿಗೆ ಬಂತೆಂದರೆ ದಾವಣಗೆರೆಯ ಓಣಿ ಓಣಿಯಲ್ಲೂ ಕರೆಂಟು ಬಿಲ್ಲು ಕೊಡುವ ಹುಡುಗ ಕೇಳಿಸಿಕೊಳ್ಳಬೇಕಾದ ಮಾತು ಇದು. ಆತನೇನು ಮಾಡಿಯಾನು? ಮೀಟರು ತೋರಿಸಿದ್ದನ್ನು ಮಷೀನಿಗೆ ಹಾಕುತ್ತಾನೆ, ಮಷೀನು ಚೀಟಿ ಕಕ್ಕುತ್ತದೆ, ಬೈಗುಳ ಮಾತ್ರ ಅವನ ಪಾಲಿಗೆ. ಬೋರ್ಡು ಹೋಗಿ 1999ರಲ್ಲೇ ನಿಗಮ ಬಂತು, ಆಮೇಲೆ 2002ರಲ್ಲಿ ಬೆಸ್ಕಾಂ ಬಂತು. ಆದರೂ ಹಿರಿಯರು ಇಂದಿಗೂ ‘ಕೆಇಬಿಯವರು ಮೋಸ ಮಾಡಿದರು’ ಎಂದೇ ಶಾಪ ಹಾಕುತ್ತಾರೆ. ಮೀಟರು ಕೆಟ್ಟು ಬಿಲ್ಲು ಏರುವುದು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಆದರೆ ಮೋಸವೋ ಅಲ್ಲವೋ ಎಂದು ಹೇಳಬೇಕಾದರೆ ತನ್ನ ಮನೆ ಎಷ್ಟು ಕರೆಂಟು ತಿನ್ನುತ್ತದೆ ಎಂಬುದು ಮನೆಯವನಿಗೆ ಗೊತ್ತಿರಬೇಕಲ್ಲ! ಹಾಲಿನವನ ಲೆಕ್ಕವನ್ನು ಅರ್ಧ ಲೀಟರೂ ತಪ್ಪದಂತೆ ಕ್ಯಾಲೆಂಡರಿನಲ್ಲಿ ಗೀಚುವ ಗೃಹಿಣಿ ಮೀಟರಿನ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಬಿಲ್ಲು ಸೊನ್ನೆಯಾದ ಮೇಲಂತೂ ನೋಡುವ ಗೊಡವೆಯೇ ಇಲ್ಲ.

ಇಲ್ಲಿಯೇ ಪೇಚು. 2023ರ ಆಗಸ್ಟ್ ತಿಂಗಳ ಬಿಲ್ಲಿನಿಂದ ಜಾರಿಗೆ ಬಂದ ಗೃಹಜ್ಯೋತಿಯನ್ನು ‘ಇನ್ನೂರು ಯೂನಿಟ್ ಫ್ರೀ’ ಎಂದೇ ಜನ ತಿಳಿದಿದ್ದಾರೆ. ಭಾಷಣದಲ್ಲಿ ಕೇಳಿದ್ದು ಅಷ್ಟೇ ತಾನೆ! ನಿಯಮ ಹಾಗಿಲ್ಲ. 2022-23ನೇ ಸಾಲಿನಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ಶೇಕಡಾ ಹತ್ತು ಸೇರಿಸಿದರೆ ಬರುವುದು ಆ ಮನೆಯ ಹಕ್ಕು. (ತೀರಾ ಕಡಿಮೆ ಬಳಸುವ ಮನೆಗಳಿಗೆ ಶೇಕಡಾ ಹತ್ತರ ಬದಲು ಹತ್ತು ಯೂನಿಟ್ ಎಂದು 2024ರಲ್ಲಿ ತಿದ್ದುಪಡಿಯಾಯಿತು.) ಹಕ್ಕನ್ನು ಮೀರಿ, ಆದರೆ ಇನ್ನೂರರ ಒಳಗೇ ಇದ್ದರೆ ಮೀರಿದ್ದಕ್ಕೆ ಮಾತ್ರ ದುಡ್ಡು. ಇನ್ನೂರು ದಾಟಿತೋ, ಮೊದಲನೇ ಯೂನಿಟ್‌ನಿಂದ ಹಿಡಿದು ಅಷ್ಟಕ್ಕೂ ದುಡ್ಡು.

ಅಂಕಿಯಲ್ಲೇ ನೋಡಿದರೆ ಇದರ ಬಿಸಿ ತಟ್ಟುತ್ತದೆ. ಒಂದು ಮನೆಯ ಸರಾಸರಿ 150 ಇತ್ತೆನ್ನಿ. ಅದರ ಹಕ್ಕು 165. ಆ ಮನೆ 200 ಯೂನಿಟ್ ಉರಿಸಿದರೆ ಹೆಚ್ಚಿನ 35ಕ್ಕೆ ಕೊಡಬೇಕಾದ್ದು, 2025-26ರ ದರದಲ್ಲಿ, ಸುಮಾರು 230 ರೂಪಾಯಿ. ಅದೇ ಮನೆ 201 ಉರಿಸಿದರೆ? ಯೂನಿಟ್‌ಗೆ 5 ರೂಪಾಯಿ 80 ಪೈಸೆಯಂತೆ 1,166 ರೂಪಾಯಿ. ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತು ಯೂನಿಟ್‌ಗೆ 36 ಪೈಸೆಯಂತೆ 72. ಎರಡು ಕಿಲೋವ್ಯಾಟ್ ಮಂಜೂರಾತಿಗೆ ನಿಗದಿತ ಶುಲ್ಕ 290. ವಿದ್ಯುತ್ ಶುಲ್ಕದ ಮೇಲೆ ಶೇಕಡಾ 9 ತೆರಿಗೆ 105. ಒಟ್ಟು 1,633. ತಿಂಗಳು ತಿಂಗಳು ಏರಿಳಿಯುವ ಇಂಧನ ಹೊಂದಾಣಿಕೆ ಶುಲ್ಕ ಬೇರೆ. ಕೊನೆಯ ಆ ಒಂದು ಯೂನಿಟ್‌ನ ಬೆಲೆ ಸಾವಿರದ ನಾನೂರು ರೂಪಾಯಿ! ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿಯ ಮುಂದೆ ದುಡಿಯುವವನಿಗೆ ಇದು ಎಷ್ಟು ದಿನದ ಕೂಲಿ ಎಂದು ವಿಧಾನಸೌಧದವರು ಲೆಕ್ಕ ಹಾಕಿಕೊಳ್ಳಲಿ. ಯೋಜನೆ ಒಳ್ಳೆಯದೇ, ಬಡವರ ಮನೆಯಲ್ಲಿ ಆ ದುಡ್ಡು ಉಳಿದಿದೆ. ಆದರೆ ಮೆಟ್ಟಿಲು ಇರಬೇಕಾದಲ್ಲಿ ಬಾವಿ ತೋಡಿ, ಬಿದ್ದವನನ್ನೇ ‘ನೋಡಿಕೊಂಡು ನಡೀಬಾರದೇನಯ್ಯಾ’ ಎನ್ನುವುದು ಯಾವ ನ್ಯಾಯ?

ಬಾವಿ ಮುಚ್ಚುವ ತನಕ ನೋಡಿಕೊಂಡೇ ನಡೆಯಬೇಕು, ಬೇರೆ ದಾರಿಯಿಲ್ಲ. ಲೆಕ್ಕವೇನೂ ಬ್ರಹ್ಮವಿದ್ಯೆಯಲ್ಲ. ಸಾವಿರ ವ್ಯಾಟಿನ ವಸ್ತು ಒಂದು ತಾಸು ನಡೆದರೆ ಒಂದು ಯೂನಿಟ್. ವಸ್ತುವಿನ ಬೆನ್ನ ಮೇಲೆ ಬರೆದ ವ್ಯಾಟನ್ನು ತಾಸಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಆಯಿತು.

ನಮ್ಮ ಜನರ ಸಿಟ್ಟೆಲ್ಲ ಬಲ್ಬಿನ ಮೇಲೆ. ‘ಲೈಟ್ ಆರ್ಸೋ’ ಎಂದು ಓದುವ ಹುಡುಗನನ್ನು ಗದರುವ ಯಜಮಾನ ಬಚ್ಚಲಿನ ಕಡೆ ನೋಡುವುದೇ ಇಲ್ಲ. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ಒಂದು ಯೂನಿಟ್ ತಿನ್ನಲು 111 ತಾಸು ಬೇಕು. ದಿನಕ್ಕೆ ಐದು ತಾಸು ಹಚ್ಚಿದರೆ ಇಪ್ಪತ್ತೆರಡು ದಿನ! ಹದಿನೈದು ಲೀಟರಿನ ಒಂದು ಬಕೆಟ್ ನೀರನ್ನು ಇಪ್ಪತ್ತು ಡಿಗ್ರಿ ಬಿಸಿ ಏರಿಸಲು ಸುಮಾರು 0.35 ಯೂನಿಟ್ ಬೇಕು. ಅಂದರೆ ಮೂರು ಬಕೆಟ್ಟಿಗೆ ಒಂದು ಯೂನಿಟ್ ಮುಗಿಯಿತು. ಗೀಸರ್ ಇರಲಿ, ಕಾಯಿಲ್ ಇರಲಿ, ನೀರು ಕಾಯಲು ಬೇಕಾದ ಶಾಖ ಅಷ್ಟೇ. ಗೀಸರನ್ನು ಬೆಳಗಿನಿಂದ ಸಂಜೆತನಕ ಹಾಕಿಟ್ಟರೆ ದಂಡ ಬೇರೆ. ಐದು ಜನರ ಮನೆಯಲ್ಲಿ ದಿನಕ್ಕೆ ಐದು ಬಕೆಟ್ ಎಂದರೆ ತಿಂಗಳಿಗೆ 52 ಯೂನಿಟ್ ಬಚ್ಚಲ ಮೋರಿಯಲ್ಲಿ ಹರಿದುಹೋಯಿತು. ಮಿಕ್ಸಿ ರಾಕ್ಷಸನಂತೆ ಅರಚುತ್ತದೆ, ಹತ್ತು ನಿಮಿಷಕ್ಕೆ ಒಂದು ಯೂನಿಟ್‌ನ ಎಂಟನೇ ಒಂದು ಭಾಗವನ್ನೂ ಮುಟ್ಟುವುದು ಕಷ್ಟ. ಸದ್ದು ಮಾಡುವುದೆಲ್ಲ ಕರೆಂಟು ತಿನ್ನುವುದಿಲ್ಲ!

ಈಗ ಏಪ್ರಿಲ್ ತಿಂಗಳ ಒಂದು ಸಾಧಾರಣ ಮನೆ ತೆಗೆದುಕೊಳ್ಳೋಣ. 75 ವ್ಯಾಟಿನ ಎರಡು ಫ್ಯಾನು ದಿನಕ್ಕೆ ಹದಿನಾಲ್ಕು ತಾಸು ತಿರುಗಿದರೆ ತಿಂಗಳಿಗೆ 63 ಯೂನಿಟ್. 180 ವ್ಯಾಟಿನ ಕೂಲರು ಎಂಟು ತಾಸಿನಂತೆ 43. ಮೂರು ಬಕೆಟ್ ಬಿಸಿನೀರು 30. ಒಂದು ಅಶ್ವಶಕ್ತಿಯ ಪಂಪು ದಿನಕ್ಕೆ ಅರ್ಧ ತಾಸು, 15. ಫ್ರಿಜ್ಜಿಗೆ ಅಂಟಿಸಿದ ನಕ್ಷತ್ರದ ಚೀಟಿಯಲ್ಲಿ ವರ್ಷಕ್ಕೆ 240 ಎಂದಿದ್ದರೆ ತಿಂಗಳಿಗೆ 20. ಹಳೇ ಫ್ರಿಜ್ಜಾದರೆ ಇನ್ನೂ ಹೆಚ್ಚು. ಟಿವಿ 9, ಬಲ್ಬುಗಳೆಲ್ಲ ಸೇರಿ 7, ಮಿಕ್ಸಿ-ಇಸ್ತ್ರಿ-ಮೊಬೈಲು ಎಂದು 6. ಕೂಡಿಸಿದರೆ 193. ದಂಡೆಯ ಮೇಲೆಯೇ ನಿಂತಾಯಿತು. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಹಳ್ಳಿಯಿಂದ ಬೀಗರು ಬಂದು ನಾಲ್ಕು ದಿನ ಉಳಿದರೆ ಸಾಕು, ಫ್ಯಾನು ಹಗಲೂರಾತ್ರಿ, ಬಿಸಿನೀರು ಹತ್ತು ಬಕೆಟ್. ಇನ್ನೂರು ಎಲ್ಲಿ ದಾಟಿತೆಂದು ಯಾರಿಗೂ ತಿಳಿಯದು. ಹದಿನೈದನೇ ದಿನ ಮೀಟರು ನೋಡಿದವನಿಗೆ ಮಾತ್ರ ಕೂಲರು ಯಾವಾಗ ನಿಲ್ಲಿಸಬೇಕೆಂಬುದು ಗೊತ್ತಿರುತ್ತದೆ. ನೋಡುವುದೆಂದರೆ ಇಷ್ಟೇ. ಬಿಲ್ಲಿನಲ್ಲಿರುವ ಇಂದಿನ ಮಾಪನವನ್ನು ಹಾಲಿನ ಲೆಕ್ಕದ ಪಕ್ಕದಲ್ಲಿ ಬರೆದಿಟ್ಟು, ತಿಂಗಳ ನಡುವೆ ಮೀಟರಿನ ಅಂಕಿಯಿಂದ ಅದನ್ನು ಕಳೆಯುವುದು. ಚೀಟಿಯನ್ನೇ ನಂಬಿ ಇಟ್ಟುಕೊಂಡರೆ ಕೆಲವು ತಿಂಗಳಲ್ಲಿ ಅದರ ಅಕ್ಷರ ಮಾಸಿ ಬಿಳಿ ಕಾಗದ ಉಳಿಯುತ್ತದೆ.

ಸ್ವಂತ ಮನೆಯವರ ಪಾಡು ಇದಾದರೆ ವಠಾರದವರದು ಇನ್ನೂ ಕಷ್ಟ. ನಿಟುವಳ್ಳಿ, ವಿನೋಬನಗರ, ಕೆ.ಟಿ.ಜೆ. ನಗರದಂಥ ಕಡೆ ಒಂದೇ ಆರ್.ಆರ್. ನಂಬರಿನಡಿ ಎರಡು ಮೂರು ಸಂಸಾರ ಇದ್ದರೆ ಏನಾಗುತ್ತದೆ? ತಲಾ 70 ಯೂನಿಟ್ ಬಳಸುವ ಮೂರು ಬಡ ಸಂಸಾರಗಳಿಗೆ ಬೇರೆ ಬೇರೆ ಮೀಟರೂ ತಕ್ಕ ಹಕ್ಕೂ ಇದ್ದರೆ ಮೂರಕ್ಕೂ ಸೊನ್ನೆ. ಒಂದೇ ಮೀಟರಾದ್ದರಿಂದ ಒಟ್ಟು 210, ಸೊನ್ನೆಯ ಮಾತೇ ಇಲ್ಲ, ತಲಾ 560 ರೂಪಾಯಿಯ ಮೇಲೆ. ಎರಡು ಕೋಣೆಗೂ ಏಸಿ ಹಾಕಿಸಿಕೊಂಡವನೂ ದಾವಣಗೆರೆಯ ಸೆಕೆಯಲ್ಲಿ ಬರೀ ಒಂದು ಫ್ಯಾನಿನಡಿ ಮಲಗುವವನೂ ಕಾನೂನಿನ ಕಣ್ಣಿಗೆ ಒಂದೇ! ಇನ್ನು ಒಳಮೀಟರು ಇಟ್ಟು ಯೂನಿಟ್‌ಗೆ ಎಂಟು, ಹತ್ತು ಎಂದು ಬಾಯಿಗೆ ಬಂದ ದರ ಹೇಳುವ ಮಾಲೀಕರ ಮುಂದೆ ಬಾಡಿಗೆದಾರ ಬಾಯಿ ಬಿಟ್ಟರೆ ಮನೆ ಖಾಲಿ ಮಾಡು ಎನ್ನುತ್ತಾರೆ. ಮಾಲೀಕನಿಗೆ ಬಿಲ್ಲು ಎಷ್ಟು ಬಂತು, ಬಂತೋ ಇಲ್ಲವೋ, ಬಾಡಿಗೆದಾರನಿಗೆ ತೋರಿಸುವ ಪದ್ಧತಿಯೇ ಇಲ್ಲ. ಚುನಾವಣೆಗೆ ಮನೆ ಮನೆ ಎಣಿಸಿ ಚೀಟಿ ಹಂಚುವ ನಗರಪಾಲಿಕೆ ಸದಸ್ಯರು ತಮ್ಮ ವಾರ್ಡಿನಲ್ಲಿ ಒಂದೇ ಮೀಟರಿನ ಸಂಸಾರಗಳೆಷ್ಟು ಎಂದು ಒಮ್ಮೆ ಎಣಿಸಿದರೆ ಅವರ ಗಂಟೇನು ಹೋಗುತ್ತದೆ? ಪ್ರತ್ಯೇಕ ಮೀಟರಿಗೆ ಠೇವಣಿ, ವೈರಿಂಗು ಎಂದು ಆಗುವ ಖರ್ಚನ್ನು ಮಾಲೀಕರು ಹೊರಲಾರರೆಂದರೆ ಕಂತಿನಲ್ಲಿ ಕಟ್ಟಿಸಿಕೊಳ್ಳಲಿ. ಬೆಸ್ಕಾಂ ಅಧಿಕಾರಿಗಳು ತಿಂಗಳಿಗೊಂದು ವಾರ್ಡಿನಲ್ಲಿ ಮೇಜು ಹಾಕಿ ಕೂತು ಈ ಅರ್ಜಿಗಳನ್ನು ತೆಗೆದುಕೊಳ್ಳಲಿ.

ಮೀಟರೇ ಸುಳ್ಳು ಹೇಳುತ್ತಿದೆ ಎಂಬ ಗುಮಾನಿ ಇದ್ದವರಿಗೆ ಒಂದು ಮಾತು. ಈಗಿನ ಮೀಟರಿನ ಮೇಲೆ ಕೆಂಪು ದೀಪವೊಂದು ಮಿಣುಕುತ್ತದೆ. ಎಷ್ಟು ಸಲ ಮಿಣುಕಿದರೆ ಒಂದು ಯೂನಿಟ್ ಎಂಬುದನ್ನೂ ಅದರ ಮುಖದ ಮೇಲೆಯೇ ಬರೆದಿರುತ್ತಾರೆ. 3200 ಎಂದಿದ್ದರೆ, ಸಾವಿರ ವ್ಯಾಟಿನ ಕಾಯಿಲ್ ಒಂದನ್ನೇ ಹಾಕಿದಾಗ ನಿಮಿಷಕ್ಕೆ 53 ಸಲದಷ್ಟು ಮಿಣುಕಬೇಕು. ಎಪ್ಪತ್ತು, ಎಂಬತ್ತು ಬಂದರೆ ಮೀಟರು ಪರೀಕ್ಷೆಗೆ ಅರ್ಜಿ ಕೊಡಬಹುದು. ಮೇನ್ ಸ್ವಿಚ್ ಹಾಗೇ ಇಟ್ಟು ಫ್ರಿಜ್ಜು, ಇನ್ವರ್ಟರು ಸಮೇತ ಎಲ್ಲವನ್ನೂ ಆರಿಸಿದ ಮೇಲೂ ದೀಪ ಮಿಣುಕುತ್ತಲೇ ಇದ್ದರೆ, ಮಗ್ಗುಲು ಮನೆಯ ವೈರು ನಿಮ್ಮ ಮೀಟರಿಗೆ ಸೇರಿರಬಹುದು, ಇಲ್ಲವೇ ತೇವದ ಗೋಡೆಯಲ್ಲಿ ಕರೆಂಟು ಸೋರುತ್ತಿರಬಹುದು. ಎರಡನೆಯದಾದರೆ ಬಿಲ್ಲಿನ ಚಿಂತೆ ಆಮೇಲೆ. ಮಕ್ಕಳನ್ನು ಆ ಗೋಡೆ ಮುಟ್ಟಗೊಡದೆ, ಮೇನ್ ಆರಿಸಿ, ವೈರಿಂಗ್ ಮಾಡುವವನನ್ನು ಅಂದೇ ಕರೆಸಬೇಕು.