ಹಾರ ಹಾಕಿ ಕಳುಹಿಸುತ್ತೇವೆ, ತಿಳಿವಳಿಕೆ ಕೊಟ್ಟು ಕಳುಹಿಸುವುದಿಲ್ಲ

ಗದಗ-ಬೆಟಗೇರಿಯಿಂದ, ಲಕ್ಷ್ಮೇಶ್ವರದಿಂದ, ಶಿರಹಟ್ಟಿ ಮತ್ತು ಮುಂಡರಗಿಯಿಂದ ಉಮ್ರಾ ಯಾತ್ರೆಗೆ ಹೊರಡುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಜೀವಮಾನದ ಉಳಿತಾಯವನ್ನು ಒಟ್ಟುಗೂಡಿಸಿ ಹೊರಡುವ ವೃದ್ಧ ದಂಪತಿಗಳಿದ್ದಾರೆ, ಗಲ್ಫ್‌ನಲ್ಲಿ ದುಡಿಯುವ ಮಗ ಹಣ ಕಳುಹಿಸಿದ ಕಾರಣಕ್ಕೆ ಹೊರಡುವ ತಾಯಂದಿರಿದ್ದಾರೆ. ಹೊರಡುವ ಮುನ್ನ ಮನೆಯ ಮುಂದೆ ಶಾಮಿಯಾನ, ಬಂಧು-ಬಳಗಕ್ಕೆ ಬಿರಿಯಾನಿ, ಕೊರಳ ತುಂಬ ಹಾರ, ಮೊಬೈಲಿನಲ್ಲಿ ಫೋಟೊ. ಇಷ್ಟೆಲ್ಲ ಆದರೂ ಜೀವನದಲ್ಲಿ ಮೊದಲ ಬಾರಿಗೆ ವಿಮಾನ ನಿಲ್ದಾಣದ ಮೆಟ್ಟಿಲು ಹತ್ತಲಿರುವ ಆ ಹಿರಿಯರಿಗೆ, ಅಲ್ಲಿನ ಭದ್ರತಾ ತಪಾಸಣೆಯಲ್ಲಿ ಏನು ಕೇಳುತ್ತಾರೆ, ಯಾವ ವಸ್ತುವನ್ನು ಎಲ್ಲಿಡಬೇಕು ಎಂಬುದನ್ನು ಅರ್ಧ ಗಂಟೆ ಕುಳಿತು ಹೇಳಿಕೊಡುವವರು ಮಾತ್ರ ಯಾರೂ ಇರುವುದಿಲ್ಲ.

ಇದರ ಫಲವನ್ನು ಯಾತ್ರಿಕರು ಅನುಭವಿಸುತ್ತಾರೆ. ಚೀಲವನ್ನು ಬಿಚ್ಚಿಸುತ್ತಾರೆ, ಸಾಮಾನುಗಳನ್ನು ಹೊರಗೆ ಹಾಕಿಸುತ್ತಾರೆ, ಹಿಂದೆ ನಿಂತವರು ಗೊಣಗುತ್ತಾರೆ. ಊರಿಗೆ ಮರಳಿದ ಮೇಲೆ ನಮ್ಮ ಬಾಯಿಂದ ಹೊರಡುವ ವಿವರಣೆ ಒಂದೇ: 'ನಮ್ಮ ಹೆಸರು ನೋಡಿ ತಡೆದರು.' ಕೆಲವೊಮ್ಮೆ ಇದು ಸತ್ಯವೇ ಆಗಿರಬಹುದು. ಆದರೆ ಪ್ರತಿ ಸಲವೂ ಇದನ್ನೇ ಹೇಳುವ ಮೂಲಕ ನಾವು ನಮ್ಮ ಅಜ್ಞಾನಕ್ಕೆ ಪರದೆ ಎಳೆಯುತ್ತಿದ್ದೇವೆಯೇ ಎಂದು ಪ್ರಶ್ನಿಸಿಕೊಳ್ಳಬೇಕಾಗಿದೆ.

ಕೈಚೀಲದಲ್ಲಿ ಅಡಕತ್ತರಿ ಇದ್ದರೆ, ಉಮ್ರಾದ ಬಳಿಕ ಕೂದಲು ಕತ್ತರಿಸಲೆಂದು ಇಟ್ಟ ಕತ್ತರಿ ಇದ್ದರೆ, ಖಾರಪುಡಿ ಅಥವಾ ಉಪ್ಪಿನಕಾಯಿಯ ಡಬ್ಬಿ ಇದ್ದರೆ ಅದನ್ನು ತಡೆಯುವವನು ಯಾತ್ರಿಕನ ಧರ್ಮವನ್ನು ನೋಡಬೇಕಾಗಿಲ್ಲ. ಎಕ್ಸ್‌ರೇ ಯಂತ್ರದ ಪರದೆಯನ್ನು ನೋಡಿದರೆ ಸಾಕು. ಇವೆಲ್ಲ ಚೆಕ್-ಇನ್ ಮಾಡುವ ದೊಡ್ಡ ಚೀಲಕ್ಕೆ ಸೇರಬೇಕಾದವು. ಪವರ್ ಬ್ಯಾಂಕ್ ಇದಕ್ಕೆ ವಿರುದ್ಧ. ಅದು ಕೈಚೀಲದಲ್ಲಿಯೇ ಇರಬೇಕು. ದೊಡ್ಡ ಚೀಲದಲ್ಲಿ ಸಿಕ್ಕರೆ ಚೀಲವನ್ನೇ ನಿಲ್ಲಿಸಿ ಒಡೆಯನನ್ನು ಕರೆಸುತ್ತಾರೆ. ಬೆಂಕಿ ಹತ್ತುವ ಭಯದಿಂದ 2022ರಿಂದ ಒಣಕೊಬ್ಬರಿಯನ್ನೂ ಚೆಕ್-ಇನ್ ಚೀಲದಲ್ಲಿ ನಿಷೇಧಿಸಲಾಗಿದೆ. ಲೈಟರ್ ಎರಡರಲ್ಲಿಯೂ ಸಲ್ಲದು. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಅತ್ತರು, ಎಣ್ಣೆ, ಶಾಂಪೂ ಮುಂತಾದ ದ್ರವಗಳು ಕೈಚೀಲದಲ್ಲಿ ತಲಾ 100 ಮಿಲಿಲೀಟರ್ ಮೀರದ ಬಾಟಲಿಗಳಲ್ಲಿ, ಒಟ್ಟು ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿರಬೇಕು. ಅರ್ಧ ಖಾಲಿಯಾದ ದೊಡ್ಡ ಬಾಟಲಿಗೂ ರಿಯಾಯಿತಿಯಿಲ್ಲ. ಇಹ್ರಾಮ್‌ನ ಬೆಲ್ಟಿಗೆ ಲೋಹದ ಬಕಲ್ ಇದ್ದರೆ ಅದನ್ನು ಬಿಚ್ಚಿ ಟ್ರೇಯಲ್ಲಿಡಬೇಕು. ಇದರಲ್ಲಿ ಅವಮಾನವೇನಿದೆ?

ಇವು ಸಣ್ಣ ತಪ್ಪುಗಳು, ಸಾಮಾನು ಹೋಗುತ್ತದೆ ಅಷ್ಟೆ. ಆದರೆ ಮನುಷ್ಯನೇ ಹೋಗುವ ತಪ್ಪುಗಳಿವೆ. ನಮ್ಮ ಅಡುಗೆ ಮನೆಯ ಗಸಗಸೆ ಸೌದಿ ಅರೇಬಿಯ ಮತ್ತು ಯುಎಇಯಲ್ಲಿ ನಿಷೇಧಿತ ವಸ್ತು. ಮಸಾಲೆಗೆಂದು ತಾಯಿ ಕಟ್ಟಿಕೊಟ್ಟ ಪೊಟ್ಟಣ ಅಲ್ಲಿ ಮಾದಕ ವಸ್ತುವಿನ ಮೊಕದ್ದಮೆಗೆ ಕಾರಣವಾಗಬಹುದು. ಟ್ರಮಡಾಲ್, ಅಲ್‌ಪ್ರಝೋಲಾಮ್, ಕೋಡೀನ್ ಇರುವ ಕೆಮ್ಮಿನ ಔಷಧ ಇವೆಲ್ಲ ಅಲ್ಲಿ ನಿಯಂತ್ರಿತ ಔಷಧಗಳು. ಮಂಡಿನೋವಿಗೆ, ನಿದ್ದೆಗೆ ಎಂದು ಚೀಟಿಯಿಲ್ಲದೆ ಮಾತ್ರೆ ನುಂಗುವ ನಮ್ಮ ಹಿರಿಯರು ಹೊರಡುವ ಮುನ್ನ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಬೇಕು, ನಿಯಂತ್ರಿತ ಔಷಧವಿದ್ದರೆ ಬದಲಿ ಕೇಳಬೇಕು. ಉಳಿದವುಗಳನ್ನು ಮೂಲ ಪಟ್ಟಿಯಲ್ಲಿಯೇ, ವೈದ್ಯರ ಚೀಟಿಯೊಂದಿಗೆ ಒಯ್ಯಬೇಕು.

ಎಲ್ಲಕ್ಕಿಂತ ಅಪಾಯಕಾರಿಯಾದುದು ನಮ್ಮ ದಾಕ್ಷಿಣ್ಯ. 'ಚಾಚಾ, ಇದೊಂದು ಪಾರ್ಸಲ್ ಜಿದ್ದಾದಲ್ಲಿ ನನ್ನ ಅಣ್ಣನಿಗೆ ಕೊಟ್ಟುಬಿಡಿ' ಎಂದರೆ ಇಲ್ಲವೆನ್ನುವ ಧೈರ್ಯ ನಮ್ಮಲ್ಲಿ ಎಷ್ಟು ಮಂದಿಗಿದೆ? 2019ರಲ್ಲಿ ಮುಂಬಯಿಯ ಯುವ ದಂಪತಿ ಸಂಬಂಧಿಯೊಬ್ಬರು ಉಡುಗೊರೆಯಾಗಿ ಏರ್ಪಡಿಸಿದ ಪ್ರವಾಸಕ್ಕೆ ಕತಾರ್‌ಗೆ ಹೋದರು. ಅದೇ ಸಂಬಂಧಿ ಕೊಟ್ಟಿದ್ದ ಪೊಟ್ಟಣದಲ್ಲಿ ನಾಲ್ಕು ಕಿಲೋಗೂ ಹೆಚ್ಚು ಹಶೀಶ್ ಇತ್ತು. ಇಬ್ಬರಿಗೂ ಹತ್ತು ವರ್ಷಗಳ ಶಿಕ್ಷೆಯಾಯಿತು. ಗರ್ಭಿಣಿಯಾಗಿದ್ದ ಆ ಹೆಣ್ಣುಮಗಳು ಸೆರೆಮನೆಯಲ್ಲಿರುವಾಗಲೇ ಮಗುವಿಗೆ ಜನ್ಮ ಕೊಟ್ಟಳು. ಮೇಲ್ಮನವಿಯಲ್ಲಿ ನಿರಪರಾಧಿಗಳೆಂದು ಸಾಬೀತಾಗಿ ಅವರು ಊರಿಗೆ ಮರಳಿದ್ದು 2021ರಲ್ಲಿ. ಪೊಟ್ಟಣ ಕೊಟ್ಟವರು ಅಪರಿಚಿತರಲ್ಲ, ರಕ್ತಸಂಬಂಧಿ ಎಂಬುದನ್ನು ಗಮನಿಸಬೇಕು. ಚೀಲವನ್ನು ನಾವೇ ಕಟ್ಟಬೇಕು, ಒಳಗಿರುವುದೆಲ್ಲ ನಮಗೆ ಗೊತ್ತಿರಬೇಕು. ಮರಳುವಾಗ 'ಈ ಬಳೆ ಹಾಕಿಕೊಂಡು ಹೋಗಿ' ಎಂದು ಚಿನ್ನ ಕೊಡುವವರಿಗೂ ಇದೇ ಉತ್ತರ.

ನಾಲಿಗೆಯ ವಿಷಯವೂ ಹಾಗೆಯೇ. 2022ರ ಆಗಸ್ಟ್‌ನಲ್ಲಿ ಮಂಗಳೂರಿನಿಂದ ಮುಂಬಯಿಗೆ ಹೊರಟಿದ್ದ ವಿಮಾನದಲ್ಲಿ ಪ್ರಯಾಣಿಕನೊಬ್ಬ ಗೆಳತಿಯೊಂದಿಗೆ ಮೊಬೈಲಿನಲ್ಲಿ ಭದ್ರತೆಯ ಕುರಿತು ತಮಾಷೆಯ ಸಂದೇಶಗಳನ್ನು ಹಂಚಿಕೊಳ್ಳುತ್ತಿದ್ದುದನ್ನು ಇನ್ನೊಬ್ಬ ಪ್ರಯಾಣಿಕರು ಕಂಡು ತಿಳಿಸಿದರು. ಎಲ್ಲರನ್ನೂ ಕೆಳಗಿಳಿಸಿ ಸಾಮಾನು ಶೋಧಿಸಿ ವಿಮಾನ ಹೊರಡುವಾಗ ಸುಮಾರು ಆರು ಗಂಟೆ ತಡವಾಗಿತ್ತು. ನಮ್ಮ ಯುವಕರು ಸರದಿಯಲ್ಲಿ ನಿಂತು ಬಾಂಬು, ಹೈಜಾಕ್ ಎಂದು ನಗೆಯಾಡುವ ಮೊದಲು ಇದನ್ನು ನೆನೆಯಲಿ.

ಹಾಗಾದರೆ ತಾರತಮ್ಯವೇ ಇಲ್ಲವೆಂದು ನಾವು ಹೇಳುತ್ತಿದ್ದೇವೆಯೇ? ಖಂಡಿತ ಅಲ್ಲ. ನಮ್ಮದೇ ರಾಜ್ಯದ, ಮೂಡಿಗೆರೆಯಲ್ಲಿ ಹುಟ್ಟಿದ ವೈದ್ಯ ಮುಹಮ್ಮದ್ ಹನೀಫ್ ಅವರನ್ನು 2007ರ ಜುಲೈ 2ರಂದು ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಬ್ರಿಟನ್ ಬಿಡುವಾಗ ಸಂಬಂಧಿಗೆ ಬಿಟ್ಟುಬಂದ ಒಂದು ಸಿಮ್ ಕಾರ್ಡ್, ಕೈಯಲ್ಲಿದ್ದ ಒಮ್ಮುಖ ಟಿಕೆಟ್. ಇವೇ ಅವರ ಮೇಲಿನ ಅನುಮಾನಕ್ಕೆ ಆಧಾರಗಳಾದವು. ಬೆಂಗಳೂರಿನಲ್ಲಿ ಹುಟ್ಟಿದ್ದ ಮಗುವನ್ನು ನೋಡಲು ಹೊರಟಿದ್ದ ತಂದೆಯನ್ನು ಭಯೋತ್ಪಾದಕನೆಂದು ಜಗತ್ತಿಗೆ ತೋರಿಸಲಾಯಿತು. ಅದೇ ತಿಂಗಳು 27ರಂದು ಆರೋಪ ಬಿದ್ದುಹೋಯಿತು. 2010ರಲ್ಲಿ ಆಸ್ಟ್ರೇಲಿಯಾ ಸರಕಾರ ಪರಿಹಾರ ಕೊಡಬೇಕಾಯಿತು. ಮಾಜಿ ರಾಷ್ಟ್ರಪತಿ ಅಬ್ದುಲ್ ಕಲಾಮ್ ಅವರನ್ನು 2009ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿಯೇ ಅಮೆರಿಕದ ವಿಮಾನ ಕಂಪೆನಿಯೊಂದರ ಸಿಬ್ಬಂದಿ, ತಪಾಸಣೆಯಿಂದ ವಿನಾಯಿತಿ ಇದ್ದರೂ ತಪಾಸಣೆಗೊಳಪಡಿಸಿದರು. ಜುಲೈಯಲ್ಲಿ ಸಂಸತ್ತಿನಲ್ಲಿ ಗದ್ದಲವೆದ್ದ ಬಳಿಕ ಕಂಪೆನಿ ಕ್ಷಮೆ ಯಾಚಿಸಿತು.

ಈ ಎರಡು ಪ್ರಕರಣಗಳು ನಮಗೆ ಕಲಿಸುವುದೇನು? ಅನ್ಯಾಯಕ್ಕೆ ಪರಿಹಾರ ಸಿಕ್ಕಿದ್ದು ಮನೆಯ ಜಗಲಿಯ ಗೊಣಗಾಟದಿಂದಲ್ಲ. ನಿಯಮ, ದಾಖಲೆ, ನ್ಯಾಯಾಲಯ ಮತ್ತು ಸಂಸತ್ತಿನಿಂದ. ನಿಯಮ ಬಲ್ಲವನಿಗೆ ಮಾತ್ರ ನಿಯಮ ಮುರಿದವನನ್ನು ಪ್ರಶ್ನಿಸುವ ಶಕ್ತಿಯಿರುತ್ತದೆ. ಮಹಿಳೆಯರನ್ನು ಮಹಿಳಾ ಸಿಬ್ಬಂದಿಯೇ ಪರದೆಯೊಳಗೆ ತಪಾಸಿಸಬೇಕು. ಇದು ಯಾರೋ ತೋರುವ ಕರುಣೆಯಲ್ಲ, ವ್ಯವಸ್ಥೆಯ ಭಾಗ. ನಿಖಾಬ್ ಧರಿಸಿದ ಸಹೋದರಿ ಮುಖ ತೋರಿಸಲು ಮಹಿಳಾ ಅಧಿಕಾರಿಯನ್ನು ಸೌಜನ್ಯದಿಂದ ಕೇಳಬಹುದು. ಆದರೆ ಗುರುತು ತೋರಿಸುವುದಿಲ್ಲವೆಂದು ಹಟ ಹಿಡಿಯುವಂತಿಲ್ಲ. ಅವಹೇಳನದ ಮಾತು ಕೇಳಿಬಂದರೆ ಸ್ಥಳ, ಸಮಯ, ಸಿಬ್ಬಂದಿಯ ಹೆಸರನ್ನು ಬರೆದುಕೊಂಡು ಅಲ್ಲಿನ ಮೇಲಧಿಕಾರಿಗೂ ವಿಮಾನಯಾನ ಸಚಿವಾಲಯದ ಏರ್‌ಸೇವಾಕ್ಕೂ ಲಿಖಿತ ದೂರು ಕೊಡಬೇಕು. ಹತ್ತು ಜನ ಅವಮಾನ ನುಂಗಿಕೊಂಡರೆ ಅದು ಹನ್ನೊಂದನೆಯವನಿಗೂ ಕಾದಿರುತ್ತದೆ.

ಇಲ್ಲಿ ನಾವು ಕೆಲವರನ್ನು ನೇರವಾಗಿ ಪ್ರಶ್ನಿಸಲೇಬೇಕು. ಹಜ್ ಯಾತ್ರಿಕರಿಗೆ ಹಜ್ ಸಮಿತಿ ತರಬೇತಿ ಶಿಬಿರ ನಡೆಸುತ್ತದೆ. ಉಮ್ರಾ ಯಾತ್ರಿಕರಿಗೋ ಖಾಸಗಿ ಟ್ರಾವೆಲ್ಸ್‌ನವರೇ ದಿಕ್ಕು. ಪ್ರತಿಯೊಬ್ಬರಿಂದ ಸಾವಿರಾರು ರೂಪಾಯಿ ಪಡೆಯುವ ಏಜೆಂಟರು ಒಂದು ಚೀಲ, ಒಂದು ಕೊರಳಪಟ್ಟಿ ಕೊಟ್ಟುಬಿಟ್ಟರೆ ಹೊಣೆ ತೀರಿತೇ? ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರಶಃ ಹೊಂದಿದೆಯೇ ಎಂದು ನೋಡಿಕೊಡುವುದು, ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ ಎಂದು ತಿಳಿಸುವುದು, ಗಾಲಿಕುರ್ಚಿ ಬೇಕಾದವರಿಗೆ ಮುಂಚಿತವಾಗಿ ಹೇಳಿಡುವುದು, ಝಮ್‌ಝಮ್ ನೀರನ್ನು ಸೂಟ್‌ಕೇಸಿನೊಳಗೆ ತುರುಕದೆ ಅಧಿಕೃತ ಐದು ಲೀಟರಿನ ಪ್ಯಾಕನ್ನೇ ತರಬೇಕೆಂದು ಎಚ್ಚರಿಸುವುದು ಅವರ ಕರ್ತವ್ಯವಲ್ಲವೇ? ಇದನ್ನು ಮಾಡದ ಏಜೆಂಟರಿಗೆ ಹಣ ಕೊಡುವುದಿಲ್ಲವೆಂದು ಜನರು ಹೇಳಬೇಕು.

ಮಸೀದಿ ಸಮಿತಿಗಳೂ ಹೊಣೆಯಿಂದ ಜಾರಿಕೊಳ್ಳಲಾಗದು. ತವಾಫ್ ಮತ್ತು ಸಯೀಯ ವಿಧಾನವನ್ನು ಕಲಿಸುವ ಉಲಮಾಗಳು ಮನೆಯಿಂದ ಮೀಖಾತ್‌ವರೆಗಿನ ದಾರಿಯನ್ನು ಲೌಕಿಕವೆಂದು ಬಿಟ್ಟುಬಿಡುವುದು ಸರಿಯೇ? ಒಂಟೆಯನ್ನು ಕಟ್ಟಿದ ಮೇಲೆ ತವಕ್ಕುಲ್ ಎಂಬುದು ಪ್ರವಾದಿಯವರ ಶಿಕ್ಷಣವಾಗಿರುವಾಗ, ಕಟ್ಟದ ಒಂಟೆಯನ್ನು ಅಲ್ಲಾಹನ ಮೇಲೆ ಹೊರಿಸುವುದು ಭಕ್ತಿಯಲ್ಲ, ಸೋಮಾರಿತನ. ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರದಲ್ಲಾಗಲಿ, ಯಾತ್ರಿಕರ ತಂಡ ಹೊರಡುವ ಮುಂಚಿನ ಒಂದು ಶುಕ್ರವಾರ, ಜುಮಾ ಮುಗಿದ ಬಳಿಕ ಒಂದು ಗಂಟೆ ಮೀಸಲಿಡಲಿ. ಹಲವು ಬಾರಿ ವಿಮಾನ ಹತ್ತಿರುವ, ಗಲ್ಫ್‌ನಿಂದ ರಜೆಗೆ ಬಂದ ಯುವಕರೇ ಕಲಿಸಲಿ. ಮಹಿಳೆಯರಿಗೆ ಅವರಲ್ಲಿಯೇ ಒಬ್ಬರು ಕಲಿಸಲಿ. ಒಂದು ಖಾಲಿ ಚೀಲವನ್ನು ಎದುರಿಗಿಟ್ಟು ಯಾವುದು ಒಳಗೆ, ಯಾವುದು ಹೊರಗೆ ಎಂದು ತೋರಿಸಿದರೆ ಓದು ಬಾರದ ಅಜ್ಜಿಗೂ ತಿಳಿಯುತ್ತದೆ.

ಶಾಮಿಯಾನದ ಖರ್ಚಿನ ಒಂದು ಪಾಲೂ ಇದಕ್ಕೆ ಬೇಕಾಗದು. ಸರದಿಯಲ್ಲಿ ತಲೆ ಎತ್ತಿ ನಿಂತು, ಕೇಳಿದ ಕಾಗದವನ್ನು ಕೇಳುವ ಮೊದಲೇ ತೋರಿಸಿ, ಅನ್ಯಾಯವಾದರೆ ಲಿಖಿತವಾಗಿ ಪ್ರಶ್ನಿಸಿ ಮುಂದೆ ಸಾಗುವ ಯಾತ್ರಿಕನೇ ಸಮುದಾಯದ ಘನತೆಯನ್ನು ಕಾಯುತ್ತಾನೆ; ಅಂಥವರನ್ನು ತಯಾರು ಮಾಡುವುದು ಕೊರಳಿಗೆ ಹಾಕುವ ಹಾರಕ್ಕಿಂತ ದೊಡ್ಡ ಗೌರವ.